ಓದಲು ಬಾರದ ದಾಖಲೆ ಇಲ್ಲದ ದಾಖಲೆಯಲ್ಲ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಸಿವಿಲ್ ಸ್ಟೇಷನ್, ವಿದ್ಯಾನಗರ, ಕಾಸರಗೋಡು.

ಪ್ರತಿ: ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರು ಹಾಗೂ ನೋಂದಣಿ ಇಲಾಖೆಯ ಮುಖ್ಯಸ್ಥರು, ತಿರುವನಂತಪುರ.

ವಿಷಯ: 1956ಕ್ಕಿಂತ ಹಿಂದಿನ ಕನ್ನಡ ದಾಖಲೆಗಳನ್ನು ಉಳಿಸುವುದು, ಅವುಗಳ ಪಟ್ಟಿ ಮಾಡುವುದು ಮತ್ತು ಕೇಳಿದವರಿಗೆ ನಕಲು ಕೊಡುವುದು.

ಮಾನ್ಯರೇ,

ನಾನು ಮಂಜೇಶ್ವರ ತಾಲೂಕಿನ ಒಬ್ಬ ನಿವೃತ್ತ ದಸ್ತಾವೇಜು ಬರಹಗಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಕೋಣೆಯಲ್ಲಿ ಕುಳಿತು ಕ್ರಯಪತ್ರ, ಪಾಲುಪಟ್ಟಿ, ಮರಣಶಾಸನ, ದಾನಪತ್ರಗಳನ್ನು ಬರೆದು ಸಂಸಾರ ನಡೆಸಿದವನು. ನನ್ನ ತಂದೆಯವರದೂ ಇದೇ ಕಸುಬು. ಹಳೆಯ ಕಾಗದಗಳನ್ನು ಓದುವುದನ್ನು ಅವರಿಂದಲೇ ಕಲಿತೆ. ಕಸುಬು ಬಿಟ್ಟ ಮೇಲೆ ಮನೆಯ ಜಗಲಿಯಲ್ಲಿ ನೆಮ್ಮದಿಯಾಗಿರಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಹಿಂದೆ ಜಾಗ ಮಾರುವವರು ಬರುತ್ತಿದ್ದರು, ಈಗ ತಮ್ಮ ಹಿರಿಯರನ್ನು ಹುಡುಕುವವರು ಬರುತ್ತಾರೆ.

ಮುಂಬಯಿಯಲ್ಲಿ ಹೋಟೆಲು ನಡೆಸುವ ಮನೆತನದ ಮೂರನೆಯ ತಲೆಮಾರಿನವರು ಬರುತ್ತಾರೆ. ದುಬೈಯಲ್ಲಿರುವವರು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಆಧಾರದ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ‘ಇದರಲ್ಲಿ ಏನಿದೆ ಮಾವ?’ ಎಂದು ಕೇಳುತ್ತಾರೆ. ಕೊಡಗಿನ ಕಾಫಿ ತೋಟಕ್ಕೆ ದುಡಿಯಲು ಹೋಗಿ ಅಲ್ಲಿಯೇ ನೆಲೆ ನಿಂತವರ ಮೊಮ್ಮಕ್ಕಳು ಊರಿನ ಹೆಸರೊಂದನ್ನು ಮಾತ್ರ ಹಿಡಿದುಕೊಂಡು ಬಸ್ಸಿನಿಂದ ಇಳಿಯುತ್ತಾರೆ. ಕೆಲವರನ್ನು ಜ್ಯೋತಿಷಿಗಳೇ ಅಟ್ಟಿರುತ್ತಾರೆ. ಅಷ್ಟಮಂಗಲ ಪ್ರಶ್ನೆಯಲ್ಲಿ ಮೂಲನಾಗನಿಗೆ ಸೇವೆ ತಪ್ಪಿದೆ ಎಂದು ಕಂಡುಬಂದಿರುತ್ತದೆ, ಆ ನಾಗಬನ ಯಾವ ಗ್ರಾಮದಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪ್ರಶ್ನೆ ಇಡಿಸುವುದಕ್ಕೆ ಅವರು ಖರ್ಚು ಮಾಡಿದ ಹಣದಲ್ಲಿ ಒಂದು ಹಳೆಯ ರಿಜಿಸ್ಟರಿಗೆ ಹೊಸ ರಟ್ಟು ಹಾಕಿಸಬಹುದಿತ್ತು ಎಂದು ನನಗೆ ಅನ್ನಿಸುವುದುಂಟು, ಅದು ಬೇರೆ ಮಾತು. ಯಾವ ಕಾರಣಕ್ಕೆ ಬಂದರೂ ಇವರೆಲ್ಲರೂ ಕೊನೆಗೆ ಹೋಗಿ ನಿಲ್ಲುವುದು ತಮ್ಮ ಆಡಳಿತದ ಕೆಳಗಿರುವ ಯಾವುದಾದರೂ ಒಂದು ದಾಖಲೆ ಕೋಣೆಯ ಬಾಗಿಲಿನಲ್ಲಿ. ಅಲ್ಲಿ ನಡೆಯುವುದನ್ನು ಕಣ್ಣಾರೆ ಕಂಡವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ತಾವು ಬೇರೆ ಜಿಲ್ಲೆಯಿಂದ ಬಂದವರಾಗಿರಬಹುದು ಎಂಬ ಕಾರಣಕ್ಕೆ ಸ್ವಲ್ಪ ಹಿನ್ನೆಲೆ ಹೇಳಲು ಅಪ್ಪಣೆ ಬೇಡುತ್ತೇನೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಈ ನೆಲ ಕಂಪನಿ ಸರ್ಕಾರದ ಕೆನರಾ ಜಿಲ್ಲೆಗೆ ಸೇರಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಜಿಲ್ಲೆ ಎರಡಾಗಿ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ನಾವು ದಕ್ಷಿಣ ಕನ್ನಡದಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ ಉಳಿದೆವು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು. ಎರಡೇ ತಿಂಗಳಿಗೆ, 1957ರ ಜನವರಿ 1ಕ್ಕೆ ಮಲಬಾರ್ ಒಡೆದು ನಾವು ಕಣ್ಣೂರಿನವರಾದೆವು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಊರು ಇದ್ದಲ್ಲಿಯೇ ಇತ್ತು, ಅದರ ಕಾಗದಗಳು ಮಾತ್ರ ಮಂಗಳೂರು, ಕೋಯಿಕ್ಕೋಡು, ಕಣ್ಣೂರು, ಕಾಸರಗೋಡು ಎಂದು ಒಡೆಯರನ್ನು ಬದಲಿಸುತ್ತಾ ಬಂದವು.

1956ರವರೆಗೂ ಇಲ್ಲಿನ ಕೆಳಹಂತದ ಆಡಳಿತ ಹೆಚ್ಚಾಗಿ ನಡೆದದ್ದು ಕನ್ನಡದಲ್ಲಿ. ಗ್ರಾಮದಲ್ಲಿ ಪಟೇಲ, ಲೆಕ್ಕ ಬರೆಯಲು ಶಾನುಭೋಗ, ಓಡಾಟಕ್ಕೆ ಉಗ್ರಾಣಿ. ಶಾನುಭೋಗರ ಅಡಂಗಲ್ (ಗ್ರಾಮದ ಜಮೀನು, ಬೆಳೆಗಳ ಲೆಕ್ಕ) ಕನ್ನಡದಲ್ಲಿತ್ತು, ನೋಂದಾಯಿಸಿದ ಗೇಣಿ ಚೀಟು, ಅಡವು, ಪಾಲುಪಟ್ಟಿಗಳು ಕನ್ನಡದಲ್ಲಿದ್ದವು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ ಆಡುತ್ತಿದ್ದವರ ಪತ್ರಗಳೂ ಹೆಚ್ಚಾಗಿ ಕನ್ನಡದಲ್ಲಿಯೇ ಬರೆಯಲ್ಪಟ್ಟವು. ಹೀಗಾಗಿ ಇದು ಕನ್ನಡಿಗರ ತಕರಾರು ಎಂದು ಬದಿಗಿಡುವ ವಿಷಯವಲ್ಲ. ಕುಂಬಳೆಯ ಒಬ್ಬ ಮಾಪಿಳ್ಳೆಯವರ ಮುತ್ತಜ್ಜ ಯಾರ ಗದ್ದೆ ಗೇಣಿಗೆ ಹಿಡಿದಿದ್ದರು, ನೀಲೇಶ್ವರದ ಕಡೆಯಿಂದ ಬಂದ ತೀಯ ಕುಟುಂಬ ಮೊದಲು ಎಲ್ಲಿ ಒಕ್ಕಲು ಕೂತಿತು ಎಂಬುದೂ ಇದೇ ಪುಸ್ತಕಗಳ ಒಳಗಿದೆ. ಇಂದು ಅವರ ಮಕ್ಕಳು ಮಲಯಾಳ ಮಾಧ್ಯಮದಲ್ಲಿ ಓದಿದವರು, ತಮ್ಮದೇ ಅಜ್ಜನ ಹೆಸರನ್ನು ಓದಲಾರರು.

ಈ ಕನ್ನಡವೂ ಶಾಲೆಯಲ್ಲಿ ಕಲಿಸುವ ಕನ್ನಡವಲ್ಲ. ಹಳೆಯ ಬರಹಗಾರರು ಬರೆದದ್ದು ಮೋಡಿ ಅಕ್ಷರದಲ್ಲಿ. ಲೇಖನಿ ಎತ್ತದೆ ಎಳೆದುಕೊಂಡು ಹೋದ ಸಾಲು, ಪದಗಳ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ, ಒತ್ತಕ್ಷರ ಯಾವುದರ ಕೆಳಗಿನದು ಎಂಬುದನ್ನು ರೂಢಿಯಿಂದಲೇ ತಿಳಿಯಬೇಕು. ನೆಲದ ವಿವರ ಬೈಲು, ಮಜಲು, ಬೆಟ್ಟು ಎಂದು ಬರುತ್ತದೆ, ಗೇಣಿ ಅಕ್ಕಿ ಮುಡಿಯಲ್ಲಿ ಬರುತ್ತದೆ, ತಿಂಗಳುಗಳು ತುಳುವಿನಲ್ಲಿ ಪಗ್ಗು, ಬೇಶ, ಆಟಿ, ಸೋಣ ಎಂದು ಬರುತ್ತವೆ. ಇಸವಿಯ ಬದಲು ಸಂವತ್ಸರದ ಹೆಸರು ಮಾತ್ರ ಇರುವುದುಂಟು. ದುರ್ಮುಖಿ ಸಂವತ್ಸರದ ಸೋಣ ತಿಂಗಳು ಎಂದಿದ್ದರೆ ಅದು 1896 ಆಗಬಹುದು, 1956 ಕೂಡ ಆಗಬಹುದು. ಮೇಲಿನ ಮೂಲೆಯಲ್ಲಿ ಫಸಲಿ, ಅಂದರೆ ಕಂದಾಯದ ವರ್ಷ, 1306 ಎಂದಿದೆಯೇ 1366 ಎಂದಿದೆಯೇ ಎಂದು ನೋಡಿದರೆ ಮಾತ್ರ ಇತ್ಯರ್ಥ. ಫಸಲಿ ವರ್ಷಕ್ಕೆ 590 ಸೇರಿಸಬೇಕು, ಅದು ಜುಲೈ ತಿಂಗಳಿನಲ್ಲಿ ತೊಡಗುತ್ತದೆ ಎಂಬ ಇಷ್ಟು ಸಣ್ಣ ಸಂಗತಿ ಗೊತ್ತಿಲ್ಲದೆ ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ಆಳೆಂದು ಬಗೆದು ವಂಶವೃಕ್ಷ ಅಚ್ಚು ಹಾಕಿಸಿದವರನ್ನು ನಾನು ಬಲ್ಲೆ.

ಇನ್ನು ನನ್ನ ದೂರಿಗೆ ಬರುತ್ತೇನೆ. ಬದಿಯಡ್ಕ ಕಡೆಯ ಒಬ್ಬ ಹೆಣ್ಣುಮಗಳು ನನ್ನಲ್ಲಿಗೆ ಬಂದಳು. ಅವಳ ಮನೆಯವರು ಚಾಲಗೇಣಿಯ, ಅಂದರೆ ಧಣಿ ಬೇಡವೆಂದರೆ ಬಿಡಬೇಕಾದ ಗೇಣಿಯ, ಒಕ್ಕಲುಗಳು. ಜಮೀನು ಅವರ ಹೆಸರಿಗೆ ಬಂದದ್ದು ಭೂಸುಧಾರಣೆಯಿಂದ. 1963ರ ಕೇರಳ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡಾಗ ಲ್ಯಾಂಡ್ ಟ್ರಿಬ್ಯೂನಲ್ ಪಟ್ಟಯ (ಹಕ್ಕುಪತ್ರ) ಕೊಟ್ಟಿತ್ತು. ಅವಳಿಗೆ ಬೇಕಾದದ್ದು ಜಮೀನಲ್ಲ. ಅವಳ ಅಜ್ಜಿಯ ತಾಯಿ ಎಲ್ಲಿಂದ ಬಂದವರು, ಅವರ ಕುಟುಂಬದ ದೈವಸ್ಥಾನ ಯಾವುದು ಎಂಬುದನ್ನು ಅವಳ ತಾಯಿ ಕಣ್ಣುಮುಚ್ಚುವ ಮೊದಲು ತಿಳಿಯಬೇಕಿತ್ತು.

ಕೆಲಸ ಶುರುವಾದದ್ದು ಟ್ರಿಬ್ಯೂನಲ್ ಕಡತದ ನಕಲಿನಿಂದ. ಗೇಣಿ ಒಕ್ಕಲುಗಳ ವಂಶ ಹುಡುಕುವವರಿಗೆ ಆ ಕಡತಗಳಿಗಿಂತ ದೊಡ್ಡ ನಿಧಿ ಇನ್ನೊಂದಿಲ್ಲ. ಧಣಿಯ ಮನೆಯ ಹೆಸರು ಎಲ್ಲ ಪುಸ್ತಕದಲ್ಲಿಯೂ ಸಿಗುತ್ತದೆ, ಸರ್ಕಾರಕ್ಕೆ ತೀರ್ವೆ ಕಟ್ಟುತ್ತಿದ್ದ ವರ್ಗದಾರ ಅವನೇ. ಅವನ ಕೆಳಗೆ ಉತ್ತವನ ಹೆಸರನ್ನು ಕಂದಾಯದ ಲೆಕ್ಕ ಕೇಳುತ್ತಿರಲಿಲ್ಲ. ಉತ್ತವನು ಮೊತ್ತಮೊದಲ ಬಾರಿಗೆ ಅಧಿಕಾರಿಯೊಬ್ಬರ ಎದುರು ನಿಂತು, ‘ನಾನು ಇಂಥವರ ಮಗ, ನನಗಿಂತ ಮೊದಲು ನನ್ನ ಅಜ್ಜ ಈ ಬೈಲು ಮಾಡುತ್ತಿದ್ದರು’ ಎಂದು ಹೇಳಿ ಹೆಬ್ಬೆಟ್ಟು ಒತ್ತಿದ್ದು ಅಲ್ಲಿ. ಈ ಕುಟುಂಬದ ಹೇಳಿಕೆಯಲ್ಲಿಯೂ ಹಾಗೆಯೇ ಇತ್ತು. ಜೊತೆಗೆ ಹಳೆಯದೊಂದು ಗೇಣಿ ಚೀಟಿನ ನಂಬರು ಮತ್ತು ಇಸವಿ ಇತ್ತು. ಮೊದಲ ಮಹಾಯುದ್ಧಕ್ಕೂ ಹಿಂದಿನದು, ನೋಂದಾಯಿಸಿದ್ದು. ನೋಂದಾಯಿಸಿದ ಮೇಲೆ ಮೂಲ ಕಾಗದ ಸುಟ್ಟರೂ, ಗೆದ್ದಲು ತಿಂದರೂ, ಪ್ರತಿ ಸರ್ಕಾರದ ಒಂದನೇ ಪುಸ್ತಕದಲ್ಲಿ, ಅಂದರೆ ಸ್ಥಿರಾಸ್ತಿ ಪತ್ರಗಳ ರಿಜಿಸ್ಟರಿನಲ್ಲಿ, ಉಳಿಯಲೇಬೇಕು. ನಾನು ಜೀವನ ಮಾಡಿದ್ದೇ ಈ ನಂಬಿಕೆಯ ಮೇಲೆ.

ಅವಳು ಸಂಬಂಧಪಟ್ಟ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕನ್ನಡದಲ್ಲಿ ಅರ್ಜಿ ಹಾಕಿದಳು. ಉತ್ತರ ಮಲಯಾಳದಲ್ಲಿ ಬಂತು. ದಾಖಲೆ ಲಭ್ಯವಿಲ್ಲ ಎಂಬ ಒಂದು ಸಾಲು.

ನಾನು ಅವಳ ಜೊತೆಗೆ ಹೋದೆ. ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಸಜ್ಜನರು, ನಮ್ಮನ್ನು ಕುಳ್ಳಿರಿಸಿ ಮಾತನಾಡಿದರು. ವಿಚಾರಿಸಿದಾಗ ಸಂಪುಟ ಇದೆ ಎಂದಾಯಿತು. ಕಟ್ಟಿನಲ್ಲಿಯೇ ಇತ್ತು. ರಟ್ಟು ಕಳಚಿತ್ತು, ಅಂಚನ್ನು ಹುಳ ತಿಂದಿತ್ತು, ಒಳಗಿನ ಬರಹ ಮಾತ್ರ ನಿನ್ನೆ ಬರೆದಷ್ಟು ಕಪ್ಪಾಗಿತ್ತು. ‘ಇದು ಕನ್ನಡವೇ ಹೌದು, ಆದರೆ ನಮಗೆ ಓದಲಾಗುವುದಿಲ್ಲ. ಓದಲಾಗದ್ದಕ್ಕೆ ನಕಲು ಸರಿ ಎಂದು ಹೇಗೆ ಸಹಿ ಹಾಕುವುದು?’ ಎಂದು ಗುಮಾಸ್ತರು ಕೇಳಿದರು. ಪ್ರಶ್ನೆ ಪ್ರಾಮಾಣಿಕವಾದದ್ದು. ಅವರು ಕನ್ನಡ ಮಲಯಾಳ ಎರಡೂ ಬಲ್ಲವರಿಗೆ ಮೀಸಲಾದ ಹುದ್ದೆಗೆ ಪರೀಕ್ಷೆ ಬರೆದು ಬಂದವರು, ಆ ಪರೀಕ್ಷೆಯಲ್ಲಿ ಮೋಡಿ ಓದಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಅಲ್ಲಿಯೇ ನಿಂತು ಆ ಪುಟ ಓದಿ ಹೇಳಿದೆ. ಅಜ್ಜಿಯ ತಾಯಿಯ ಸೋದರಮಾವನ ಹೆಸರು ಇತ್ತು, ಅವರು ಬಿಟ್ಟು ಬಂದ ಗ್ರಾಮದ ಹೆಸರು ಇತ್ತು, ಮೂಡು, ತೆಂಕು, ಪಡು, ಬಡಗು ಎಂಬ ಚಕ್ಕುಬಂದಿಯಲ್ಲಿ ನೆರೆಯ ಒಕ್ಕಲುಗಳ ಹೆಸರೂ ಇತ್ತು. ಅವಳಿಗೆ ಬೇಕಾದ ಉತ್ತರ ಸಿಕ್ಕಿತು. ಕೈಗೆ ಕಾಗದ ಮಾತ್ರ ಸಿಗಲಿಲ್ಲ.

ಅವಳದೊಂದೇ ಕಥೆಯಾಗಿದ್ದರೆ ತಮಗೆ ಬರೆಯುತ್ತಿರಲಿಲ್ಲ. ನನ್ನಲ್ಲಿಗೆ ಬರುವವರು ತರುವ ಹಿಂಬರಹಗಳಲ್ಲಿ ‘ಲಭ್ಯವಿಲ್ಲ’ ಎಂಬುದಕ್ಕೆ ಬೇರೆ ಬೇರೆ ಅರ್ಥಗಳಿರುವುದನ್ನು ಗಮನಿಸಿದ್ದೇನೆ. ಕೆಲವೊಮ್ಮೆ ನಿಜವಾಗಿಯೂ ಇಲ್ಲ. ಕೆಲವೊಮ್ಮೆ ಹುಡುಕಿಲ್ಲ. ಇನ್ನು ಕೆಲವೊಮ್ಮೆ ಇದೆ, ಓದಲು ಜನವಿಲ್ಲ. ಈ ಮೂರನೆಯದನ್ನು ಮೊದಲನೆಯದೆಂದು ಬರೆದುಕೊಡುವುದು ಸುಳ್ಳು ದಾಖಲೆ ಸೃಷ್ಟಿಸಿದಂತೆ ಎಂದು ಕಸುಬಿನ ಮನುಷ್ಯನಾಗಿ ಹೇಳಬೇಕಾಗಿದೆ. ಇದೆ ಎಂದು ಗೊತ್ತಿದ್ದರೆ ಇಂದಲ್ಲ ನಾಳೆ ಯಾರಾದರೂ ಓದಬಲ್ಲರು. ಇಲ್ಲ ಎಂದು ಒಮ್ಮೆ ಮುದ್ರೆ ಬಿದ್ದರೆ ಆ ಪುಸ್ತಕದ ಗತಿಯೂ ಮುಗಿಯಿತು. ಮುಂದಿನ ಸಲ ಕಪಾಟು ಖಾಲಿ ಮಾಡುವಾಗ ಅದನ್ನು ಬೇಕು ಎನ್ನುವವರು ಇರುವುದಿಲ್ಲ. ಒಂದು ಕಡೆ ಮೆಟ್ಟಿಲಿನ ಕೆಳಗೆ ಗೋಣಿಚೀಲಗಳಲ್ಲಿ ತುಂಬಿಟ್ಟ ಹಳೆಯ ಲೆಕ್ಕದ ಪುಸ್ತಕಗಳನ್ನು ನಾನೇ ನೋಡಿದ್ದೇನೆ. ಮಳೆಗಾಲದಲ್ಲಿ ಆ ಗೋಡೆ ಒಸರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಓದುವ ಸಾರ್ವಜನಿಕರಿಗಾಗಿ ನಾಲ್ಕು ಮಾತು. 1908ರ ನೋಂದಣಿ ಕಾಯಿದೆಯ 57ನೇ ಕಲಮಿನಂತೆ ಒಂದನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿದ ಯಾರೇ ಆದರೂ ನೋಡಬಹುದು, ನಕಲು ಪಡೆಯಬಹುದು. ಜಾಗಕ್ಕೂ ತನಗೂ ಸಂಬಂಧವಿದೆ ಎಂದು ತೋರಿಸಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ದಾಖಲೆಗಳನ್ನು ಖುದ್ದು ಪರಿಶೀಲಿಸುವ, ಟಿಪ್ಪಣಿ ಮಾಡಿಕೊಳ್ಳುವ, ದೃಢೀಕೃತ ನಕಲು ಪಡೆಯುವ ಹಕ್ಕನ್ನು ಕೊಟ್ಟಿದೆ. ಏಕೆ ಬೇಕು ಎಂದು ಅರ್ಜಿದಾರರನ್ನು ಕೇಳಬಾರದು ಎಂದು ಅದರ 6ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಮ್ಮಲ್ಲಿ ಮೊದಲು ಬರುವ ಪ್ರಶ್ನೆಯೇ ಅದು: ‘ಏನು, ಜಾಗದ ಗಲಾಟೆಯಾ?’ ಹಿರಿಯರ ಹೆಸರು ತಿಳಿಯಬೇಕು ಎಂದರೆ ನಂಬುವವರಿಲ್ಲ. ದಾಖಲೆಗಳನ್ನು ಪಟ್ಟಿ ಮಾಡಿ ಸೂಚಿ ತಯಾರಿಸಿ ಇಡಬೇಕು ಎಂಬುದೂ ಅದೇ ಕಾಯಿದೆಯ 4ನೇ ಕಲಮಿನಲ್ಲಿದೆ. ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲಿಯೇ ಉತ್ತರ ಬರಬೇಕು ಎಂಬುದಕ್ಕೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗಾಗಿ ಇರುವ ವಿಶೇಷ ಅವಕಾಶವೇ ಆಧಾರ.

ಒಂದು ಸಂಶಯ ಬರಬಹುದು, ಅದನ್ನು ಮೊದಲೇ ತೆಗೆದುಹಾಕುತ್ತೇನೆ. ಇದು ಗಡಿ ವಿವಾದದ ಪತ್ರವಲ್ಲ. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗದ ಬಗ್ಗೆ ಏನು ಹೇಳಿತು ಎಂಬುದನ್ನು ಇಲ್ಲಿ ಎಳೆದು ತರುವ ಉದ್ದೇಶ ನನಗಿಲ್ಲ. ನಾನು ತೆರಿಗೆ ಕಟ್ಟುವುದು ಕೇರಳಕ್ಕೆ, ಮತ ಹಾಕುವುದು ಇಲ್ಲಿಯೇ, ನನ್ನ ಸೊಸೆಯ ಮನೆಮಾತು ಮಲಯಾಳ. ಆದ್ದರಿಂದಲೇ ಕೇರಳದಿಂದ ನನಗೆ ನಿರೀಕ್ಷೆ ಹೆಚ್ಚು. ಪದ್ಮನಾಭಸ್ವಾಮಿ ದೇವಸ್ಥಾನದ ಮತಿಲಕಂ ಓಲೆಗಳನ್ನು ಜೋಪಾನ ಮಾಡಿದ ರಾಜ್ಯ ಇದು. 2022ರ ಡಿಸೆಂಬರಿನಲ್ಲಿ ತಿರುವನಂತಪುರದ ಕೋಟೆಯೊಳಗೆ ತಾಳೆಯೋಲೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ವಟ್ಟೆಳುತ್ತು, ಕೋಲೆಳುತ್ತು ಎಂಬ ಹಳೆಯ ಲಿಪಿಗಳನ್ನು ಓದಿಸಿ ಜನರ ಮುಂದಿಡುವ ಪತ್ರಾಗಾರ ಇಲಾಖೆಗೆ ಕನ್ನಡ ಮೋಡಿ ದೊಡ್ಡ ಸವಾಲಾಗಬಾರದು. ಅದೂ ಈ ರಾಜ್ಯದ ಹಳೆಯ ಲಿಪಿಗಳಲ್ಲಿ ಒಂದು, 1956ರಲ್ಲಿ ನೆಲದ ಜೊತೆಗೆ ಬಂದದ್ದು.

ಯಾರಿಗೆ ಇದರಿಂದ ಹೆಚ್ಚು ನಷ್ಟ ಎಂಬುದನ್ನು ಕೂಡ ತಾವು ಯೋಚಿಸಬೇಕು. ಇತ್ತೀಚೆಗೆ ಕುಟುಂಬ ಸಮ್ಮಿಲನಗಳು ಹೆಚ್ಚಿವೆ, ಬಣ್ಣದ ವಂಶಾವಳಿ ಪುಸ್ತಕಗಳು ಅಚ್ಚಾಗುತ್ತಿವೆ. ಮನೆಯಲ್ಲಿ ಗೋತ್ರ, ಪ್ರವರ, ಜಾತಕದ ಕಟ್ಟು, ಓಲೆ, ವರ್ಷವರ್ಷ ತರ್ಪಣದಲ್ಲಿ ಹೇಳುವ ಮೂರು ತಲೆಮಾರಿನ ಹೆಸರು ಇದ್ದವರಿಗೆ ಸರ್ಕಾರಿ ದಾಖಲೆ ಇಲ್ಲದಿದ್ದರೂ ನಡೆಯುತ್ತದೆ. ಗುತ್ತು ಬೀಡುಗಳಂಥ ದೊಡ್ಡ ಮನೆತನಗಳಿಗೆ ಪಾಲುಪಟ್ಟಿಗಳಿವೆ, ನ್ಯಾಯಾಲಯದ ಡಿಕ್ರಿಗಳಿವೆ. ಆ ಪುಸ್ತಕಗಳನ್ನು ಓದಿದರೆ ಎಲ್ಲರೂ ಮಯೂರವರ್ಮನ ಕಾಲದಲ್ಲಿ ಅಹಿಚ್ಛತ್ರದಿಂದ ಬಂದವರೇ, ಪಕ್ಕದ ಗ್ರಾಮದಿಂದ ಸಾಲ ತೀರಿಸಲಾಗದೆ ರಾತ್ರಿ ಎದ್ದು ಬಂದವರು ಒಬ್ಬರೂ ಇಲ್ಲ. ಇಗರ್ಜಿಗೆ ಸೇರಿದವರಿಗೆ ದೀಕ್ಷಾಸ್ನಾನದ ರಿಜಿಸ್ಟರು ಇದೆ, 1890ರಲ್ಲಿ ಸ್ಥಾಪನೆಯಾದ ಬೇಳದಂತಹ ಇಗರ್ಜಿಯ ಮಟ್ಟಿಗೆ ಅದು ನಾಲ್ಕೈದು ತಲೆಮಾರಿನ ಕಥೆ. ಕೊರಗರಿಗೆ, ಮಾಯಿಲರಿಗೆ, ಮೊಗೇರರಿಗೆ, ಚಾಲಗೇಣಿಯ ಬಡ ಒಕ್ಕಲುಗಳಿಗೆ ಇಂಥದ್ದು ಯಾವುದೂ ಇಲ್ಲ. ಅವರ ಹಿರಿಯರ ಹೆಸರು ಬರಹದಲ್ಲಿ ಉಳಿದಿದ್ದರೆ ಅದು ಯಾರದೋ ಕ್ರಯಪತ್ರದ ಚಕ್ಕುಬಂದಿಯಲ್ಲಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಟ್ರಿಬ್ಯೂನಲ್ಲಿನ ಕಡತದಲ್ಲಿ.

ಅವರಿಗೆ ವಂಶ ತಿಳಿಯುವುದು ಹವ್ಯಾಸವೂ ಅಲ್ಲ. ಪರಿಶಿಷ್ಟ ಜಾತಿಗಳ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು, ಪರಿಶಿಷ್ಟ ಪಂಗಡಗಳದ್ದು ಸೆಪ್ಟೆಂಬರ್ 6ರಂದು. ಆ ದಿನಗಳಲ್ಲಿ ತಮ್ಮ ಹಿರಿಯರು ಎಲ್ಲಿ ವಾಸವಿದ್ದರು ಎಂದು ತೋರಿಸುವ ಕಷ್ಟ ಜಾತಿ ಪ್ರಮಾಣಪತ್ರಕ್ಕೆ ಅಲೆಯುವವರಿಗೆ ಗೊತ್ತು. ಗಡಿಯ ಆಚೆ ಪುತ್ತೂರು, ಸುಳ್ಯ ಕಡೆ ಮದುವೆಯಾಗಿ ಹೋದವರಿಗೆ, ಅಲ್ಲಿಂದ ಇಲ್ಲಿಗೆ ಬಂದವರಿಗೆ ಇದು ಇನ್ನೂ ಕಷ್ಟ. 1950ರಲ್ಲಿ ಎರಡೂ ಒಂದೇ ಜಿಲ್ಲೆ, ಈಗ ಎರಡು ರಾಜ್ಯ. ಒಂದು ಕಡೆಯವರು ಸಾಕ್ಷ್ಯ ತನ್ನಿ ಎನ್ನುತ್ತಾರೆ, ಇನ್ನೊಂದು ಕಡೆಯವರು ಲಭ್ಯವಿಲ್ಲ ಎನ್ನುತ್ತಾರೆ.

ಶಾಲೆಗಳ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ನೂರು ವರ್ಷ ದಾಟಿದ ಕನ್ನಡ ಶಾಲೆಗಳಿವೆ, ಕೆಲವದರಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ಶಾಲೆ ಮುಚ್ಚಿದ ದಿನ ಅದರ ದಾಖಲಾತಿ ಪುಸ್ತಕ ಎಲ್ಲಿಗೆ ಹೋಗಬೇಕು ಎಂಬುದು ಊರಿಗೆ ಮೊದಲೇ ತಿಳಿದಿರಬೇಕು.

ಈಗ ಡಿಜಿಟಲ್ ಕೆಲಸದ ಬಗ್ಗೆ. ರಾಜ್ಯದಲ್ಲಿ ಡಿಜಿಟಲ್ ಮರುಸರ್ವೆ ನಡೆಯುತ್ತಿದೆ. ಭೂದಾಖಲೆಗಳ ‘ಎಂಡೆ ಭೂಮಿ’ (ನನ್ನ ಭೂಮಿ) ಜಾಲತಾಣ 2024ರಲ್ಲಿ ಬಂದಾಗ ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮವೇ ಅದರ ಮೊದಲ ಗ್ರಾಮ ಎಂದು ಪತ್ರಿಕೆಗಳಲ್ಲಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅಳತೆ ನಿಖರವಾದರೆ ಬೇಲಿ ಜಗಳ ಕಡಿಮೆಯಾಗುತ್ತದೆ, ನನ್ನ ಕಸುಬಿನವರಿಗೆ ಅದಕ್ಕಿಂತ ಬೇಕಾದದ್ದು ಏನಿದೆ? ನನ್ನ ಭಯ ಬೇರೆ. ಹೊಸ ಲೆಕ್ಕ ಬಂದ ಮೇಲೆ ಹಳೆಯ ಪುಸ್ತಕ ಕಸ ಎಂಬ ಭಾವನೆ ಕಚೇರಿಗಳಲ್ಲಿ ಸಹಜವಾಗಿ ಬರುತ್ತದೆ. ಜಮೀನಿನ ಮಟ್ಟಿಗೆ ಇಂದು ಯಾರ ಕೈಯಲ್ಲಿದೆ ಎಂಬುದು ಸಾಕು. ಮನುಷ್ಯರ ಮಟ್ಟಿಗೆ ಹಾಗಲ್ಲ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದರಲ್ಲಿಯೇ ನಮ್ಮ ಅಜ್ಜಂದಿರು ಇರುವುದು. ಹಳೆಯ ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಹಳೆಯ ಪುಸ್ತಕದೊಳಗೆ ಕಾಲಿಡುವುದು ಕಷ್ಟ. ಹಳೆಯ ನಂಬರು ಯಾವ ಹೊಸ ನಂಬರಾಯಿತು ಎಂಬ ಹೊಂದಾಣಿಕೆಯ ಪಟ್ಟಿಯನ್ನು ಪ್ರತಿ ಗ್ರಾಮಕ್ಕೂ ಜನರ ಕಣ್ಣಿಗೆ ಬೀಳುವಂತೆ ಇಡಲು ಇದೇ ಸಮಯ.

ಹಳೆಯ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವಾಗ ಹೆಸರಿನ ಜೊತೆಗೆ ‘ತಂದೆಯ ಹೆಸರು’ ಎಂಬ ಒಂದೇ ಅಂಕಣ ಇಟ್ಟರೆ ಅಳಿಯಸಂತಾನದ ಕುಟುಂಬಗಳು ಪೂರ್ತಿ ಕಾಣೆಯಾಗುತ್ತವೆ ಎಂಬುದನ್ನು ಅಧಿಕಾರಿಗಳು ನೆನಪಿಡಬೇಕು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಆಸ್ತಿ ನಡೆದದ್ದು ಸೋದರಮಾವನಿಂದ ಅಳಿಯನಿಗೆ. ಹಳೆಯ ಪತ್ರಗಳಲ್ಲಿ ಗುರುತು ಹೇಳುವುದೂ ಹಾಗೆಯೇ, ತಂದೆಯ ಹೆಸರು ಎಷ್ಟೋ ಕಡೆ ಇರುವುದಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ಕೆಳಗೆ ಆದ ಪಾಲುಪಟ್ಟಿಗಳಲ್ಲಿ ಕವರುಗಳ (ಕುಟುಂಬದ ಕವಲುಗಳ) ಲೆಕ್ಕ ತಾಯಂದಿರ ಹೆಸರಿನಿಂದ ಬರುತ್ತದೆ. ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯೇ ರದ್ದಾಯಿತು, ಆದರೆ ಅದಕ್ಕೆ ಮೊದಲು ಬರೆದದ್ದು ಹೋಗಲಿಲ್ಲ. ಅಪ್ಪನ ಮನೆಯ ಕಡೆಗೆ ಏನೂ ಸಿಗದ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ತಾಯಿಯ ಕಡೆಗೆ ಏಳೆಂಟು ತಲೆಮಾರು ಸಿಗುವುದು ಇದರಿಂದಲೇ. ಹೆಂಗಸರ ಹೆಸರನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ದಾಖಲೆಗಳು ದೇಶದಲ್ಲಿ ಬಹಳ ಕಡೆ ಇರಲಾರವು.

ತಮ್ಮಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ಮೊದಲನೆಯದಾಗಿ, 1956ಕ್ಕಿಂತ ಹಿಂದಿನ ಯಾವುದೇ ಕನ್ನಡ ಪುಸ್ತಕವನ್ನು, ಅದು ಹರಿದಿರಲಿ, ಓದಲಾಗದಿರಲಿ, ವಿಲೇವಾರಿ ಪಟ್ಟಿಗೆ ಸೇರಿಸಬಾರದು ಎಂದು ಜಿಲ್ಲೆಯ ಎಲ್ಲ ಕಚೇರಿಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಹಣ ಬೇಡ, ತಮ್ಮ ಸಹಿ ಸಾಕು. ಅದು ಈ ತಿಂಗಳಿನಲ್ಲಿಯೇ ಆಗಬೇಕಾದ ಕೆಲಸ, ಮುಂದಿನ ಮಳೆ ಬರುವ ಮೊದಲು.

ನಕಲಿನ ತೊಡಕಿಗೆ ಪರಿಹಾರ ಕಷ್ಟದ್ದಲ್ಲ. ಗುಮಾಸ್ತರು ದೃಢೀಕರಿಸಬೇಕಾದದ್ದು ಒಳಗಿನ ಅರ್ಥವನ್ನಲ್ಲ, ಈ ಚಿತ್ರ ಇಂಥ ಸಂಪುಟದ ಇಂಥ ಪುಟದ್ದು ಎಂಬುದನ್ನು. ಪುಟದ ಛಾಯಾಪ್ರತಿ ತೆಗೆದು, ಸಂಪುಟ ಸಂಖ್ಯೆ, ಪುಟ ಸಂಖ್ಯೆ ಬರೆದು ಮುದ್ರೆ ಹಾಕಲು ಮೋಡಿ ಓದಲು ಬರಬೇಕಾಗಿಲ್ಲ. ಓದಿಸಿಕೊಳ್ಳುವ ಹೊಣೆ ಅರ್ಜಿದಾರರದು ಎಂದು ಬರೆದರೂ ಅಡ್ಡಿಯಿಲ್ಲ. ನೋಂದಣಿ ಇಲಾಖೆಯ ಮುಖ್ಯಸ್ಥರಿಂದ ಈ ಬಗ್ಗೆ ಒಂದು ಸ್ಪಷ್ಟೀಕರಣ ತರಿಸಿಕೊಟ್ಟರೆ ಬದಿಯಡ್ಕದ ಆ ಹೆಣ್ಣುಮಗಳಂಥವರಿಗೆ ಎಷ್ಟೋ ಉಪಕಾರ. ಇದ್ದೂ ಓದಲಾಗದ ದಾಖಲೆಗೆ ‘ಲಭ್ಯವಿಲ್ಲ’ ಎಂದು ಬರೆಯಕೂಡದು, ‘ಇದೆ, ಬಂದು ನೋಡಬಹುದು’ ಎಂದು ಬರೆಯಬೇಕು.

ಮುಂದಿನದು ಪಟ್ಟಿ. ಜಿಲ್ಲೆ ಇಷ್ಟು ಸಲ ಕೈ ಬದಲಿಸಿದಾಗ ಯಾವ ಕಟ್ಟು ಮಂಗಳೂರಿನಲ್ಲಿ ಉಳಿಯಿತು, ಯಾವುದು ಕಣ್ಣೂರಿಗೆ ಹೋಯಿತು, ಯಾವುದು ಕೋಯಿಕ್ಕೋಡಿನ ಪ್ರಾದೇಶಿಕ ಪತ್ರಾಗಾರ ಸೇರಿತು, ಹಳೆಯ ಮದ್ರಾಸ್ ಸರ್ಕಾರದ ಯಾವ ಪತ್ರವ್ಯವಹಾರ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲಿದೆ ಎಂಬುದನ್ನು ಒಂದೆಡೆ ಹೇಳುವ ಪಟ್ಟಿ ಸಾಮಾನ್ಯರ ಕೈಗೆ ಸಿಗಬೇಕು. ವಂಶ ಹುಡುಕುವವರ ಅರ್ಧ ಆಯುಸ್ಸು ತಪ್ಪು ಊರಿನ ತಪ್ಪು ಕಚೇರಿಯ ಬೆಂಚಿನ ಮೇಲೆ ಕಳೆಯುತ್ತದೆ. ಮಂಗಳೂರಿನಲ್ಲಿ ಕೇಳಿದರೆ ‘ಅದು ಕೇರಳಕ್ಕೆ ಹೋಯಿತು’, ಇಲ್ಲಿ ಕೇಳಿದರೆ ‘ಅದು ಮಂಗಳೂರಿನಿಂದ ಬರಲೇ ಇಲ್ಲ’. ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳಿಗೆ ತಾವು ಒಂದು ಪತ್ರ ಬರೆದು ಎರಡೂ ಕಡೆಯ ಪಟ್ಟಿಗಳನ್ನು ಹೋಲಿಸಿ ನೋಡಿಸಬಹುದು. ಆ ಕೆಲಸಕ್ಕೆ ಎರಡು ಸರ್ಕಾರಗಳ ಒಪ್ಪಂದ ಬೇಕಾಗಿಲ್ಲ.

ಓದುವವರನ್ನು ತಯಾರು ಮಾಡುವುದು ಇದೆಲ್ಲಕ್ಕಿಂತ ಅವಸರದ್ದು. ಮೋಡಿ ಸರಾಗವಾಗಿ ಓದಬಲ್ಲವರು ನನಗೆ ತಿಳಿದಂತೆ ಈ ಕಡೆ ಕೆಲವೇ ಮಂದಿ, ಎಲ್ಲರೂ ನನ್ನ ವಯಸ್ಸಿನವರು ಅಥವಾ ನನಗಿಂತ ಹಿರಿಯರು. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ, ಕಚೇರಿಗಳ ಕನ್ನಡ ಬಲ್ಲ ಗುಮಾಸ್ತರಿಗೆ, ಆಸಕ್ತಿಯ ಮಲಯಾಳಿ ಯುವಕರಿಗೂ ಸೇರಿಸಿ ಒಂದು ತರಬೇತಿ ನಡೆಸಬಹುದು. ಅಕ್ಷರ ಹಿಡಿಯಲು ಕೆಲವು ವಾರ ಸಾಕು, ಕೈ ಕೂರಲು ಒಂದು ವರ್ಷದ ಅಭ್ಯಾಸ ಬೇಕು. ತಾಲೂಕಿಗೆ ಇಬ್ಬರು ಮೂವರು ತಯಾರಾದರೆ ಅವರನ್ನು ಅಧಿಕೃತ ಲಿಪ್ಯಂತರಕಾರರು ಎಂದು ಗುರುತಿಸಿ, ಪುಟಕ್ಕೆ ಇಂತಿಷ್ಟು ಎಂದು ಶುಲ್ಕ ನಿಗದಿ ಮಾಡಲಿ. ಜನ ಕೊಡುತ್ತಾರೆ. ಪ್ರಶ್ನೆ ಇಡಿಸಲು ಕೊಡುವವರು ಇದಕ್ಕೂ ಕೊಡುತ್ತಾರೆ.

ಇಲ್ಲಿನ ಕನ್ನಡ ಸಂಘಟನೆಗಳ ಗೆಳೆಯರೂ ಈ ಪತ್ರ ಓದುತ್ತಾರೆ ಎಂದು ಗೊತ್ತಿದ್ದೇ ಒಂದು ಮಾತು ಸೇರಿಸುತ್ತೇನೆ. ನಾಮಫಲಕಕ್ಕೆ ಹೋರಾಡಿದಿರಿ, ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು ಎಂದು ಧರಣಿ ಕುಳಿತಿರಿ, ಅದೆಲ್ಲ ನ್ಯಾಯವೇ. ಆದರೆ ಕಾಸರಗೋಡಿನ ಕನ್ನಡದ ಅತಿ ದೊಡ್ಡ ಭಂಡಾರ ಯಾವ ವೇದಿಕೆಯಲ್ಲಿಯೂ ಇಲ್ಲ, ಸರ್ಕಾರದ ಕಪಾಟಿನಲ್ಲಿದೆ. ಮಂಜೇಶ್ವರದ ಗೋವಿಂದ ಪೈಗಳು ತುಳುನಾಡಿನ ಇತಿಹಾಸ ಬರೆಯಲು ಶಾಸನದ ಅಕ್ಷರಗಳ ಮುಂದೆ ಕುಳಿತರು. ಅವರ ಹೆಸರಿನಲ್ಲಿ ಜಯಂತಿ ಮಾಡುವವರಲ್ಲಿ ನಾಲ್ಕು ಮಂದಿಯಾದರೂ ಒಂದು ಗೇಣಿ ಚೀಟು ಓದಲು ಕಲಿಯಲಿ. ಮೈಕಿನ ಖರ್ಚೂ ಉಳಿಯುತ್ತದೆ.

ಮಾನ್ಯರೇ, ತರಬೇತಿ ನಡೆಸುವುದಾದರೆ ಕಲಿಸಲು ನಾನು ಸಿದ್ಧನಿದ್ದೇನೆ. ಸಂಭಾವನೆ ಬೇಡ. ಬೆಳಕು ಚೆನ್ನಾಗಿರುವ ಕೋಣೆಯಲ್ಲಿ ಒಂದು ಉದ್ದ ಮೇಜು, ಹಳೆಯ ಸಂಪುಟಗಳ ಪುಟಗಳ ಛಾಯಾಪ್ರತಿಗಳು, ಹತ್ತು ಮಂದಿ ಹುಡುಗ ಹುಡುಗಿಯರು ಇದ್ದರೆ ಆಯಿತು. ತಂದೆಯವರು ಬರೆದಿಟ್ಟ ಮೋಡಿ ಅಕ್ಷರಮಾಲೆ, ಪತ್ರಗಳಲ್ಲಿ ಬರುವ ಅಳತೆ ತೂಕಗಳ ಪಟ್ಟಿ, ಫಸಲಿ ಮತ್ತು ಸಂವತ್ಸರಗಳನ್ನು ಹೊಂದಿಸಿದ ಕೋಷ್ಟಕ ನನ್ನಲ್ಲಿವೆ, ಅವುಗಳ ಪ್ರತಿಯನ್ನು ತಮ್ಮ ಕಚೇರಿಗೆ ಒಪ್ಪಿಸುತ್ತೇನೆ. ಈ ಪತ್ರದ ಮೂಲಪ್ರತಿಯನ್ನು ಕನ್ನಡದಲ್ಲಿಯೇ ತಮ್ಮ ಟಪಾಲು ವಿಭಾಗಕ್ಕೆ ಕೊಟ್ಟು ರಶೀದಿ ಪಡೆದಿದ್ದೇನೆ. ಉತ್ತರವನ್ನೂ ಕನ್ನಡದಲ್ಲಿಯೇ ನಿರೀಕ್ಷಿಸುತ್ತೇನೆ, ಕೈಬರಹದಲ್ಲಿದ್ದರೂ ಚಿಂತೆಯಿಲ್ಲ, ನನಗೆ ಓದಲು ಬರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದಸ್ತಾವೇಜು ಬರಹಗಾರ,
ಮಂಜೇಶ್ವರ ತಾಲೂಕು